ಕೈ ಕಲಿತಿದೆ, ಕಣ್ಣು ಇನ್ನೂ ಕಲಿಯಬೇಕು

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ಐದು ತಿಂಗಳಿಂದ ವಾರಾಂತ್ಯದಲ್ಲಿ ಭಾರತೀಯ ಸನ್ನೆ ಭಾಷೆಯ ತರಗತಿಗೆ ಹೋಗುತ್ತಿದ್ದೇನೆ. ಪಾಠ ಮಾಡುವ ಮೇಷ್ಟ್ರು ಹುಟ್ಟು ಕಿವುಡರು. ತರಗತಿಯಲ್ಲಿ ನಾನೇ ಮುಂದಿದ್ದೇನೆ, ಆರುನೂರರಷ್ಟು ಸನ್ನೆ ಬರುತ್ತದೆ. ಕಳೆದ ತಿಂಗಳು ಮೇಷ್ಟ್ರು ನಮ್ಮನ್ನು ಕಿವುಡರ ಭಾನುವಾರದ ಕೂಟಕ್ಕೆ ಕರೆದುಕೊಂಡು ಹೋದರು. ಎರಡು ಗಂಟೆ ಕೂತರೂ ನನಗೆ ತಲೆಬುಡ ತಿಳಿಯಲಿಲ್ಲ. ಒಬ್ಬ ಹಿರಿಯರು ನನ್ನನ್ನು ನೋಡಿ ಎಲ್ಲರೆದುರು 'ದಪ್ಪ' ಎಂದು ತೋರಿಸಿದರು, ತುಂಬ ಬೇಜಾರಾಯಿತು. ಇನ್ನೊಬ್ಬರು 'ನೀನು ಯಾಕೆ ಕಲೀತಿದ್ದೀಯ?' ಎಂದು ನೇರವಾಗಿ ಕೇಳಿದಾಗ ಉತ್ತರ ಹೊಳೆಯಲಿಲ್ಲ. ನಾನು ಕಲಿತ ರೀತಿಯೇ ತಪ್ಪೇ? 'ಕಿವುಡರು' ಎನ್ನಬಹುದೇ? ಮುಂದೆ ಇಂಟರ್‌ಪ್ರಿಟರ್ ಆಗಬೇಕೆಂದಿದ್ದೇನೆ, ಆಗಬಹುದೇ? ಇನ್ನೊಂದು: ನಮ್ಮೂರಲ್ಲಿ ಪಕ್ಕದ ಮನೆಯ ಎರಡು ವರ್ಷದ ಮಗುವಿಗೆ ಕಿವಿ ಕೇಳುವುದಿಲ್ಲ. ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಅದರ ತಾಯಿಗೆ ಯಾರೋ ಹೇಳಿದ್ದಾರಂತೆ. ನಿಜವೇ?

ಉತ್ತರ: ಆ ಭಾನುವಾರ ಕೂಟದಲ್ಲಿ ನಿಮ್ಮ ಕಣ್ಣು ಎಲ್ಲಿತ್ತು? ಸ್ವಲ್ಪ ನೆನಪು ಮಾಡಿಕೊಳ್ಳಿ. ಎದುರಿಗಿದ್ದವರ ಕೈಯ ಮೇಲಿತ್ತು, ಅಲ್ಲವೇ? ಹೊಸದಾಗಿ ಕಲಿಯುವವರೆಲ್ಲ ಹಾಗೇ. ಕೈ ಎಲ್ಲಿ ಹೋದರೆ ಕಣ್ಣು ಅಲ್ಲಿಗೆ ಓಡುತ್ತದೆ. ಒಂದು ಸನ್ನೆ ಹಿಡಿದು, ಅದು ಯಾವುದೆಂದು ನೆನಪಿಸಿಕೊಳ್ಳುವಷ್ಟರಲ್ಲಿ ನಾಲ್ಕು ಸನ್ನೆ ಮುಂದೆ ಹೋಗಿರುತ್ತವೆ. ಆದರೆ ಸನ್ನೆ ಭಾಷೆಯಲ್ಲೇ ಬೆಳೆದವರು ಎದುರಿನವರ ಕೈಯನ್ನು ಹಿಂಬಾಲಿಸುವುದಿಲ್ಲ. ಅವರ ನೋಟ ಮುಖದ ಮೇಲೆ, ಕಣ್ಣಿನ ಆಸುಪಾಸಿನಲ್ಲಿ ನಿಂತಿರುತ್ತದೆ. ಕೈಗಳು ಕಣ್ಣಂಚಿಗೆ ಸಿಗುತ್ತವೆ. ರಸ್ತೆಯಲ್ಲಿ ನೇರ ನೋಡಿಕೊಂಡು ನಡೆಯುತ್ತಿದ್ದರೂ ಪಕ್ಕದ ಗಲ್ಲಿಯಿಂದ ಬರುವ ಸ್ಕೂಟರ್ ನಮ್ಮ ಅರಿವಿಗೆ ಬರುತ್ತದಲ್ಲ, ಹಾಗೆ.

ನೀವು ಕಲಿತದ್ದು ತಪ್ಪಲ್ಲ. ಐದು ತಿಂಗಳಲ್ಲಿ ನಿಮ್ಮ ಕೈ ಪಳಗಿದೆ, ಕಣ್ಣು ಪಳಗಿಲ್ಲ. ತರಗತಿಯಲ್ಲಿ ಮೇಷ್ಟ್ರು ನಿಮಗೋಸ್ಕರ ನಿಧಾನ ಮಾಡುತ್ತಾರೆ, ಒಂದೊಂದು ಸನ್ನೆಯನ್ನೂ ಬಿಡಿಸಿ ತೋರಿಸುತ್ತಾರೆ. ಕೂಟದಲ್ಲಿ ಯಾರೂ ಯಾರಿಗೂ ಪಾಠ ಮಾಡುತ್ತಿರಲಿಲ್ಲ, ಮಾತಾಡುತ್ತಿದ್ದರು. ಇವೆರಡರ ನಡುವಿನ ದೂರ ಎಷ್ಟೆಂದು ನಿಮಗೆ ಐದನೇ ತಿಂಗಳಿಗೇ ಗೊತ್ತಾಯಿತು. ನನಗೆ ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು, ಏಕೆಂದರೆ ಅಲ್ಲಿಯವರೆಗೆ ನಾನು ತರಗತಿ ಬಿಟ್ಟು ಹೊರಗೆ ಹೋಗಿರಲೇ ಇಲ್ಲ.

ಮುಖವನ್ನೇ ಯಾಕೆ ನೋಡಬೇಕು ಎಂದು ಕೇಳಬಹುದು. ವ್ಯಾಕರಣದ ದೊಡ್ಡ ಪಾಲು ಅಲ್ಲೇ ಇದೆ, ಅದಕ್ಕೆ. ಕನ್ನಡದಲ್ಲಿ 'ಊಟ ಆಯ್ತು' ಅನ್ನುವುದಕ್ಕೂ 'ಊಟ ಆಯ್ತಾ' ಅನ್ನುವುದಕ್ಕೂ ಎಷ್ಟು ವ್ಯತ್ಯಾಸ? ಕೊನೆಯಲ್ಲಿ ಒಂದು 'ಆ'. ಭಾರತೀಯ ಸನ್ನೆ ಭಾಷೆಯಲ್ಲಿ ಕೈ ಎರಡಕ್ಕೂ ಒಂದೇ ರೀತಿ ಆಡುತ್ತದೆ. ಹುಬ್ಬು ಮೇಲೆದ್ದು ತಲೆ ಚೂರು ಮುಂದೆ ಬಾಗಿದರೆ ಅದೇ ಆ 'ಆ'. ನೀವು ಕೈಯನ್ನಷ್ಟೇ ನೋಡುತ್ತಿದ್ದರೆ ಎದುರಿನವರು ಪ್ರಶ್ನೆ ಕೇಳಿದ್ದೇ ತಿಳಿಯುವುದಿಲ್ಲ. ಅವರು ಉತ್ತರಕ್ಕೆ ಕಾಯುತ್ತಾರೆ, ನೀವು ಮುಂದಿನ ಸನ್ನೆಗೆ ಕಾಯುತ್ತೀರಿ. ಹಾಗೆಯೇ ಇನ್ನೊಬ್ಬರ ಮಾತನ್ನು ಒಪ್ಪಿಸುವಾಗ ಭುಜ ಒಂದು ಕಡೆಗೆ ತಿರುಗುತ್ತದೆ, ನೋಟ ಬದಲಾಗುತ್ತದೆ. 'ಅಂದ', 'ಅಂದಳು' ಎನ್ನುವ ಕೆಲಸವನ್ನು ಆ ತಿರುವು ಮಾಡುತ್ತದೆ. 'ನಾನು ನಿನಗೆ ಕೊಟ್ಟೆ', 'ನೀನು ನನಗೆ ಕೊಟ್ಟೆ' ಎಂಬಲ್ಲಿ ನಾವು 'ಗೆ' ಪ್ರತ್ಯಯ ಹಚ್ಚುತ್ತೇವೆ. ಅಲ್ಲಿ ಕೈ ಯಾರ ಕಡೆಯಿಂದ ಹೊರಟು ಯಾರ ಕಡೆ ಹೋಯಿತು ಎಂಬ ದಾರಿಯೇ ವಿಭಕ್ತಿ.

ಇದನ್ನೆಲ್ಲ ಭಾಷೆ ಎಂದು ವಿದ್ವತ್ ಲೋಕ ಒಪ್ಪಿದ್ದೇ ತಡವಾಗಿ. ಅಮೆರಿಕದ ಗಲಾಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಲಿಯಂ ಸ್ಟೋಕಿ 1960ರಲ್ಲಿ, ಪ್ರತಿ ಸನ್ನೆಯನ್ನೂ ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಎಂದು ಬಿಡಿಸಬಹುದು, ಮಾತಿನ ಭಾಷೆಗೆ ಧ್ವನಿಗಳು ಹೇಗೋ ಸನ್ನೆಗೆ ಇವು ಹಾಗೆ ಎಂದು ತೋರಿಸಿಕೊಟ್ಟರು. ಆಗ ಸುತ್ತಲಿದ್ದ ಅಧ್ಯಾಪಕರಿಗೇ ಅದು ಹಿಡಿಸಲಿಲ್ಲ. ಆಮೇಲಿನ ಸಂಶೋಧನೆಗಳು ಇನ್ನೂ ಮುಂದೆ ಹೋದವು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ನಮಗೆ ಮಾತು ಹೋಗುವ ಹಾಗೆ, ಸನ್ನೆ ಭಾಷೆಯವರಿಗೆ ಸನ್ನೆ ಹೋಗುತ್ತದೆ. ಅದೇ ವ್ಯಕ್ತಿ ಲೋಟ ಎತ್ತಬಲ್ಲ, ಗುಂಡಿ ಹಾಕಿಕೊಳ್ಳಬಲ್ಲ. ಕೈ ನೆಟ್ಟಗಿದೆ, ಭಾಷೆ ಮಾತ್ರ ಹೋಗಿದೆ.

ನೀವು ಕನ್ನಡದವರು ಎನ್ನುವುದು ಇಲ್ಲಿ ನಿಮಗೊಂದು ಅನುಕೂಲ. ಇದನ್ನು ನಾನು ಪ್ರತಿ ಬ್ಯಾಚಿನಲ್ಲೂ ಹೇಳುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಾಯಲ್ಲಿ ಇಂಗ್ಲಿಷ್ ಗುನುಗುತ್ತ ಪದಕ್ಕೆ ಪದ ಕೈ ಆಡಿಸುತ್ತಾರೆ. 'ವಾಟ್ ಈಸ್ ಯುವರ್ ನೇಮ್' ಎಂದು ಶುರು ಮಾಡಿ, 'ಈಸ್'ಗೆ ಯಾವ ಸನ್ನೆ ಎಂದು ನನ್ನ ಮುಖ ನೋಡುತ್ತಾರೆ. ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ಕೊನೆಗೆ ಬರುತ್ತದೆ. 'ಈಸ್' ಬೇಕಿಲ್ಲ. 'ನಿಮ್ಮ ಹೆಸರು ಏನು', ಅಷ್ಟೇ. ಇದು ನಮ್ಮ ಮನೆಯ ವಾಕ್ಯವೇ ಅಲ್ಲವೇ? 'ಇಲ್ಲ', 'ಬೇಡ' ಕೊನೆಗೆ ಬರುವುದೂ ಹಾಗೇ. ಎಲ್ಲ ಕಡೆ ಕನ್ನಡದ ಹಾಗೆ ನಡೆಯುತ್ತದೆ ಎಂದುಕೊಳ್ಳಬೇಡಿ, ಅದಕ್ಕೆ ಅದರದೇ ವ್ಯಾಕರಣವಿದೆ. ಆದರೆ ಇಂಗ್ಲಿಷ್ ಬಾಗಿಲಿನಿಂದ ಒಳಗೆ ಹೋಗುವುದಕ್ಕಿಂತ ಕನ್ನಡದ ಬಾಗಿಲಿನಿಂದ ಹೋಗುವುದು ಸುಲಭ.

ಬೆರಳಕ್ಷರದ, ಅಂದರೆ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ತೋರಿಸುವುದರ, ತೊಂದರೆಯೂ ಕಣ್ಣಿನದೇ. ನಮ್ಮದು ಎರಡು ಕೈಯ ಅಕ್ಷರಮಾಲೆ, ಬ್ರಿಟಿಷ್ ಮೂಲದ್ದು. ಅಮೆರಿಕದ್ದು ಒಂದೇ ಕೈಯದು, ಯೂಟ್ಯೂಬ್ ನೋಡಿ ಅದನ್ನು ಕಲಿತು ಬಂದವರು ಇಲ್ಲಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ನಮ್ಮಲ್ಲಿ ಇಂಗ್ಲಿಷಿನ ಐದು ಸ್ವರಗಳು ಐದು ಬೆರಳ ತುದಿಯಲ್ಲಿ ಕೂತಿವೆ: ಹೆಬ್ಬೆರಳು 'ಎ', ತೋರುಬೆರಳು 'ಇ', ನಡುಬೆರಳು 'ಐ', ಉಂಗುರದ ಬೆರಳು 'ಓ', ಕಿರುಬೆರಳು 'ಯು'. ನಡುಬೆರಳೋ ಉಂಗುರದ ಬೆರಳೋ ಎಂದು ತಡವರಿಸುವಷ್ಟರಲ್ಲಿ ಹೆಸರು ಮುಗಿದಿರುತ್ತದೆ. ಒಂದೊಂದೇ ಅಕ್ಷರ ಹೆಕ್ಕಬೇಡಿ. ಬಸ್ಸಿನ ಬೋರ್ಡ್ ಓದುವಾಗ ನೀವು 'ಹಾ', 'ಸ', 'ನ' ಎಂದು ಕೂಡಿಸುತ್ತೀರಾ? ಹಾಸನ ಎಂಬ ಇಡೀ ರೂಪ ಕಣ್ಣಿಗೆ ಬೀಳುತ್ತದೆ. ಬೆರಳಕ್ಷರವೂ ಹಾಗೇ, ಮೊದಲ ಅಕ್ಷರ, ಉದ್ದ, ಕೊನೆಯ ತಿರುವು, ಜೊತೆಗೆ ಯಾವ ವಿಷಯ ನಡೆಯುತ್ತಿದೆ ಎಂಬ ಅಂದಾಜು.

ನಿಮಗೆ ಕೂಟದ ಹಿರಿಯರ ಮಾತು ತಿಳಿಯದಿರಲು ಇನ್ನೊಂದು ಕಾರಣವೂ ಇದೆ. ದೆಹಲಿಯಲ್ಲಿರುವ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು 2015ರಲ್ಲಿ. ಅದರ ನಿಘಂಟು 2018ರಲ್ಲಿ 3,000 ಪದಗಳೊಂದಿಗೆ ಬಂದು, 2021ಕ್ಕೆ 10,000 ಮುಟ್ಟಿತು. ಈಗಿನ ತರಗತಿಗಳು ಹೆಚ್ಚಾಗಿ ಅದನ್ನೇ ಆಧರಿಸಿವೆ. ಅರವತ್ತು ದಾಟಿದ ಕಿವುಡರ ಸನ್ನೆ ಅದಕ್ಕಿಂತ ಎಷ್ಟೋ ಹಳೆಯದು. ವಾರದ ದಿನ, ಬಣ್ಣ, ಸಂಖ್ಯೆ, ಊರಿನ ಹೆಸರು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಬೇರೆಯಾಗುತ್ತವೆ. 1970ರ ದಶಕದಲ್ಲಿ, ಬಾಲ್ಯದಲ್ಲೇ ಕಿವುಡರಾಗಿ ಮುಂದೆ ಗಲಾಡೆಟ್‌ನಲ್ಲಿ ಓದಿದ ಮದನ್ ವಸಿಷ್ಠ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ದೆಹಲಿ, ಕೋಲ್ಕತಾ, ಮುಂಬಯಿ, ಬೆಂಗಳೂರಿನ ಸನ್ನೆಗಳನ್ನು ಕಲೆಹಾಕಿ ಹೋಲಿಸಿದ್ದರು. ನಾಲ್ಕರಲ್ಲಿ ಮೂರು ಪಾಲು ಸನ್ನೆಗಳು ಒಂದಕ್ಕೊಂದು ಸಂಬಂಧಪಟ್ಟವೇ ಎಂದು ಕಂಡಿತು. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಹೆಣ್ಣು, ಮೀಸೆ ತೀಡಿದರೆ ಗಂಡು ಎನ್ನುವುದು ಬೆಂಗಳೂರಿನಲ್ಲೂ ನಡೆಯುತ್ತದೆ, ದೆಹಲಿಯಲ್ಲೂ ನಡೆಯುತ್ತದೆ. ಉಳಿದ ಕಾಲು ಭಾಗವನ್ನು ನಿಘಂಟಿನಲ್ಲಿ ಹುಡುಕಬೇಡಿ, ಆ ಹಿರಿಯರನ್ನೇ ಕೇಳಿ. ಅವರ ಸನ್ನೆ ಹಳೆಯದು ಅಂತ ತಿದ್ದಲು ಮಾತ್ರ ಹೋಗಬೇಡಿ. ಐದು ತಿಂಗಳ ವಿದ್ಯಾರ್ಥಿಯೊಬ್ಬ ಹಾಗೆ ತಿದ್ದಿದ್ದನ್ನು ಕಂಡಿದ್ದೇನೆ. ಆ ಹಿರಿಯರು ಅವತ್ತಿನಿಂದ ಅವನ ಕಡೆ ಮುಖ ಹಾಕಲಿಲ್ಲ.

ನನ್ನ ಕಣ್ಣು ಪಳಗಿದ್ದು ಮೈಸೂರಿನ ಒಂದು ಹೋಟೆಲಿನಲ್ಲಿ. ಪ್ರತಿ ಶನಿವಾರ ಸಂಜೆ ಆರೇಳು ಕಿವುಡ ಗೆಳೆಯರು ಅಲ್ಲಿ ಸೇರುತ್ತಿದ್ದರು. ಕಿಟಕಿ ಪಕ್ಕದ ಮೇಜು ಖಾಲಿಯಿದ್ದರೂ ಅಲ್ಲಿ ಕೂರುತ್ತಿರಲಿಲ್ಲ, ಬೆಳಕು ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಟ್ಯೂಬ್‌ಲೈಟ್ ಕೆಳಗಿನ ಮೇಜೇ ಆಗಬೇಕು. ಕೂತ ತಕ್ಷಣ ಯಾರಾದರೊಬ್ಬರು ನೀರಿನ ಜಗ್ಗು, ಚಟ್ನಿ ಬಟ್ಟಲು ಎಲ್ಲವನ್ನೂ ಅಂಚಿಗೆ ಸರಿಸಿ ನಡುವೆ ಬಯಲು ಮಾಡುತ್ತಿದ್ದರು. ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದವರು ಇನ್ನೊಂದೇ ಕೈಯಲ್ಲಿ ಮಾತು ಮುಂದುವರಿಸುತ್ತಿದ್ದರು. ಎರಡು ಕೈ ಬೇಕಾದ ಸನ್ನೆ ಬಂದರೆ ಮೇಜಿನ ಹಲಗೆಯೇ ಎರಡನೆಯ ಕೈ, ಒಮ್ಮೊಮ್ಮೆ ಪಕ್ಕದವರ ಮುಂಗೈ. ಹಿಂದಿನಿಂದ ಮಾಣಿ ಬಿಸಿ ಸಾಂಬಾರು ತರುತ್ತಿದ್ದರೆ ಎದುರಿಗೆ ಕೂತವರು ಕಣ್ಣಲ್ಲೇ ಎಚ್ಚರಿಸುತ್ತಿದ್ದರು. ಒಂದು ದಿನ ಕರೆಂಟು ಹೋಯಿತು. ಸುತ್ತಲಿನ ಮೇಜುಗಳಲ್ಲಿ ಮಾತು ನಡೆದೇ ಇತ್ತು, ನಮ್ಮ ಮೇಜಿನಲ್ಲಿ ಅರ್ಧ ನಿಮಿಷ ಎಲ್ಲ ನಿಂತಿತು. ಆಮೇಲೆ ಒಬ್ಬರು ಮೊಬೈಲ್ ಟಾರ್ಚನ್ನು ನೀರಿನ ಲೋಟಕ್ಕೆ ಒರಗಿಸಿದರು, ಬಿಟ್ಟ ವಾಕ್ಯದಿಂದಲೇ ಕಥೆ ಮುಂದುವರಿಯಿತು. ಎಂಟು ಗಂಟೆಗೆ 'ಹೊರಡೋಣ' ಎಂದು ಎದ್ದವರು ಒಂಬತ್ತೂಕಾಲಾದರೂ ಹೊರಗೆ ಬೀದಿದೀಪದ ಕೆಳಗೆ ನಿಂತಿರುತ್ತಿದ್ದರು. ಇಬ್ಬರು ಮಾತಾಡುತ್ತ ನಡೆದು ಹೊರಟರೆ ಒಬ್ಬರ ಕಾಲಿನ ಮುಂದಿನ ಗುಂಡಿಯನ್ನು ಇನ್ನೊಬ್ಬರು ನೋಡಿಕೊಂಡು ತೋಳು ಹಿಡಿದು ಎಳೆಯುತ್ತಿದ್ದರು.

ಕಿವುಡರ ಸಂಸ್ಕೃತಿ ಎಂದು ಪುಸ್ತಕದಲ್ಲಿ ಓದಿದಾಗ ನಾನು ಹಬ್ಬ, ಉಡುಗೆ, ಅಡುಗೆಯಂಥ ಏನನ್ನೋ ಹುಡುಕಿದ್ದೆ. ಆ ಹೋಟೆಲಿನಲ್ಲಿ ಕಂಡದ್ದು ಇದು. ಕರೆಯಬೇಕಾದರೆ ಭುಜ ತಟ್ಟು, ದೂರವಿದ್ದರೆ ಕೈ ಬೀಸು, ಕೋಣೆ ತುಂಬ ಜನರಿದ್ದರೆ ದೀಪ ಆರಿಸಿ ಹೊತ್ತಿಸು. ಇಬ್ಬರು ಸನ್ನೆ ಮಾಡುತ್ತಿರುವಾಗ ನಡುವೆ ಹಾಯಬೇಕಾದರೆ ಸರ್ರನೆ ಹಾದುಬಿಡು, ನಿಂತು ಕ್ಷಮೆ ಕೇಳಿದರೆ ಅದೇ ದೊಡ್ಡ ಅಡ್ಡಿ. ಚಪ್ಪಾಳೆ ಎಂದರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುವುದು. ಎದುರಿನವರು ಹೇಳುತ್ತಿರುವಾಗ ಕಣ್ಣು ಬೇರೆಡೆ ತಿರುಗಿಸುವುದು, ನಾವು ಮಾತಿನ ಮಧ್ಯೆ ಕಿವಿ ಮುಚ್ಚಿಕೊಂಡ ಹಾಗೆ. ಹಿರಿಯರ ಮುಖ ನೇರ ನೋಡಬಾರದು ಎಂದು ಕಲಿತು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದೇ ಎಲ್ಲಕ್ಕಿಂತ ಕಷ್ಟದ ಪಾಠ. ನಿಮಗೂ ಹಾಗಾಗಿದ್ದರೆ ನಾಚಬೇಡಿ, ಆದರೆ ಬೇಗ ದಾಟಿ.

ಈಗ 'ದಪ್ಪ'ದ ವಿಷಯ. ನಿಮಗೆ ನೋವಾಗಿದೆ, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಆ ಹಿರಿಯರು ನಿಂದಿಸಿದ್ದಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಕಣ್ಣಿನ ಭಾಷೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುವುದು ಸಹಜ. ಗುಂಗುರು ಕೂದಲಿನವಳು, ಕೆನ್ನೆಯಲ್ಲಿ ಗುಳಿಯಿರುವವನು, ಹುಬ್ಬಿನ ಮೇಲೆ ಗಾಯದ ಗುರುತಿರುವವನು, ಹೀಗೇ ಜನರನ್ನು ಗುರುತಿಸುತ್ತಾರೆ. ಸನ್ನೆಯ ಹೆಸರುಗಳೂ ಹೀಗೇ ಹುಟ್ಟುತ್ತವೆ. ನಿಮ್ಮ ಹೆಸರನ್ನು ನೀವೇ ಇಟ್ಟುಕೊಳ್ಳುವಂತಿಲ್ಲ, ಅದು ಕಿವುಡರು ಕೊಡುವಂಥದ್ದು. ಕೊಟ್ಟರೆಂದರೆ ನೀವು ಮತ್ತೆ ಬರುತ್ತೀರಿ, ನಿಮ್ಮ ಬಗ್ಗೆ ನಾವು ಮಾತಾಡುವುದಿದೆ ಎಂದು ಅರ್ಥ. ಕೊಟ್ಟ ಹೆಸರು ಹಿಡಿಸದಿದ್ದರೆ ಹಾಗೆಂದು ನೇರವಾಗಿ ಹೇಳಬಹುದು, ನೇರ ಮಾತಿಗೆ ಅವರು ಬೇಸರಪಡುವುದಿಲ್ಲ. ಇನ್ನು ಊರಿಗೆ ಹೋದಾಗ ನಿಮ್ಮ ಅತ್ತೆಯೋ ಚಿಕ್ಕಮ್ಮನೋ ಬಾಗಿಲಲ್ಲೇ 'ಏನೇ ಇಷ್ಟು ಊದಿಕೊಂಡಿದ್ದೀಯ' ಅನ್ನುವುದಿಲ್ಲವೇ? ಆ ಸಲಿಗೆಯ ಹತ್ತಿರದ್ದೇ ಇದೂ.

'ಯಾಕೆ ಕಲೀತಿದ್ದೀಯ' ಎಂಬ ಪ್ರಶ್ನೆ ಬೇರೆ. ಅದಕ್ಕೆ ಹಿಂದೆ ಬಹಳ ಉದ್ದದ ನೆನಪಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಆಗಬೇಕು ಎಂದು ನಿರ್ಣಯಿಸಿತು. ಕೂತು ತೀರ್ಮಾನಿಸಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಭಾರತದ ಮೊದಲ ಕಿವುಡರ ಶಾಲೆ ಮುಂಬಯಿಯಲ್ಲಿ ತೆರೆದದ್ದೂ ಅದೇ ದಶಕದಲ್ಲಿ, ಹಾಗಾಗಿ ಆ ಗಾಳಿ ಇಲ್ಲಿಗೂ ಬೀಸಿತು. ಆ ಹೋಟೆಲಿನ ಗೆಳೆಯರಲ್ಲಿ ಹಿರಿಯರಾದ ಒಬ್ಬರು ತಮ್ಮ ಶಾಲೆಯ ಕಥೆ ಹೇಳಿದ್ದರು. ತರಗತಿಯಲ್ಲಿ ಕೈಗಳನ್ನು ತೊಡೆಯ ಕೆಳಗಿಟ್ಟು ಕೂರಬೇಕಿತ್ತಂತೆ, ಹೊರತೆಗೆದರೆ ಅಡಿಪಟ್ಟಿಯ ಏಟು. ಮೇಷ್ಟರ ತುಟಿ ನೋಡಿ 'ಪ', 'ಬ', 'ಮ' ಬೇರೆ ಮಾಡಬೇಕಿತ್ತು. ನೀವೇ ಕನ್ನಡಿ ಮುಂದೆ ನಿಂತು ಈ ಮೂರು ಅಕ್ಷರ ಹೇಳಿ ನೋಡಿ, ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದೆಯೇ? ರಾತ್ರಿ ಹಾಸ್ಟೆಲಿನಲ್ಲಿ, ಬಚ್ಚಲ ಮನೆಯ ಹೊರಗಿನ ದೀಪದ ಕೆಳಗೆ ದೊಡ್ಡ ಹುಡುಗರು ಚಿಕ್ಕವರಿಗೆ ಕಥೆ ಹೇಳುತ್ತಿದ್ದರಂತೆ. ಅವರಿಗೆ ಭಾಷೆ ಸಿಕ್ಕಿದ್ದು ಆ ದೀಪದ ಕೆಳಗೆ.

ಇಲ್ಲಿ ಒಂದು ವಿಷಯ ಗಮನಿಸಿ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕೇಳುವ ತಂದೆತಾಯಿಗಳಿಗೇ ಹುಟ್ಟುತ್ತಾರೆ. ನಮಗೆ ಭಾಷೆ ತಾಯಿಯಿಂದ ಬಂದರೆ ಅವರಲ್ಲಿ ಹೆಚ್ಚಿನವರಿಗೆ ಅದು ಗೆಳೆಯರಿಂದ ಬರುತ್ತದೆ. ಹಬ್ಬದ ದಿನ ಮನೆ ತುಂಬ ಜನ, ಎಲ್ಲರೂ ಏನಕ್ಕೋ ನಗುತ್ತಾರೆ. 'ಏನು?' ಎಂದು ಕೇಳಿದರೆ 'ಆಮೇಲೆ ಹೇಳ್ತೀನಿ ಇರು' ಎನ್ನುತ್ತಾರೆ. ಆ ಆಮೇಲೆ ಬರುವುದಿಲ್ಲ. ನೀವು ಎರಡು ಗಂಟೆ ಕೂಟದಲ್ಲಿ ಅನುಭವಿಸಿದ್ದು ಇದನ್ನೇ. ಭಾನುವಾರದ ಕೂಟ ಅವರಿಗೆ ಯಾಕೆ ಅಷ್ಟು ಮುಖ್ಯ, ಹೊರಟರೂ ಯಾಕೆ ಹೊರಡುವುದಿಲ್ಲ ಎಂದು ಈಗ ಊಹಿಸಬಲ್ಲಿರಿ. ಅಂಥ ಜಾಗಕ್ಕೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಪ್ರಾಜೆಕ್ಟಿಗೆ ಫೋಟೊ ತೆಗೆಯುತ್ತಾರೆ, ಹತ್ತು ಸನ್ನೆ ಕಲಿತು ತಾವೇ ಕಲಿಸುವ ರೀಲ್ಸ್ ಹಾಕುತ್ತಾರೆ, ಸರ್ಟಿಫಿಕೇಟ್ ಸಿಕ್ಕ ಮೇಲೆ ಪತ್ತೆಯಿರುವುದಿಲ್ಲ. ಅದಕ್ಕೇ ಕೇಳುತ್ತಾರೆ. 'ನಿಮಗೆ ಸಹಾಯ ಮಾಡಲು' ಎಂಬ ಉತ್ತರವನ್ನು ಅವರು ಬೇಕಾದಷ್ಟು ಸಲ ನೋಡಿದ್ದಾರೆ. 'ಇನ್ನೂ ಗೊತ್ತಿಲ್ಲ, ಇಷ್ಟವಾಗಿದೆ, ಮುಂದಿನ ವಾರವೂ ಬರುತ್ತೇನೆ' ಎನ್ನಿ. ಹೇಳಿದ ಮೇಲೆ ಹೋಗಿ.

ಸ್ಟೋಕಿ ಕಲಿಸುತ್ತಿದ್ದ ಆ ಗಲಾಡೆಟ್ ಕಾಲೇಜು 1864ರಲ್ಲಿ ಕಿವುಡರಿಗಾಗಿಯೇ ಸ್ಥಾಪನೆಯಾದದ್ದು. ಆದರೂ 124 ವರ್ಷ ಅದರ ಅಧ್ಯಕ್ಷರೆಲ್ಲ ಕಿವಿ ಕೇಳುವವರೇ. 1988ರ ಮಾರ್ಚಿನಲ್ಲಿ ಮತ್ತೊಬ್ಬ ಕೇಳುವವರನ್ನು ನೇಮಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕೂತರು. ಒಂದು ವಾರದಲ್ಲಿ ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ನಿಮ್ಮ ಮೇಷ್ಟ್ರಂಥ ಕಿವುಡ ಶಿಕ್ಷಕರ ಹತ್ತಿರವೇ ಕಲಿಯಿರಿ, ಅವರಿಗೆ ಸರಿಯಾದ ಸಂಬಳ ಸಿಗಲಿ ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

'ಕಿವುಡ' ಎನ್ನಬಹುದೇ ಎಂದು ಕೇಳಿದ್ದೀರಿ. ನನಗೆ ಪರಿಚಯವಿರುವ ಕಿವುಡರು ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 70 ಡೆಸಿಬೆಲ್‌ನಷ್ಟು ಶ್ರವಣ ನಷ್ಟ ಎಂದು ಅಳತೆ ಹಾಕುತ್ತದೆ, ಸರ್ಕಾರಿ ಕಾಗದ 'ಶ್ರವಣದೋಷವುಳ್ಳವರು' ಎನ್ನುತ್ತದೆ. ಕೂಟದಲ್ಲಿ ಯಾರೂ ಡೆಸಿಬೆಲ್ ಕೇಳುವುದಿಲ್ಲ, ಯಾವ ಶಾಲೆ, ಯಾರ ಗೆಳೆಯ ಎಂದು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಈ ಸಮುದಾಯವನ್ನು ಸೂಚಿಸಲು 1970ರ ದಶಕದಿಂದ 'ಡೆಫ್' (Deaf) ಪದವನ್ನು ದೊಡ್ಡಕ್ಷರದ 'ಡಿ'ಯಿಂದ ಬರೆಯುವ ರೂಢಿ ಬಂದಿದೆ. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ. ನಾವು 'ಕಿವುಡ' ಎಂಬ ಪದವನ್ನು ಬೈಗುಳದಿಂದ ಬಿಡಿಸಿಕೊಂಡು ಗೌರವದಿಂದ ಆಡಬೇಕು, ಬೇರೆ ದಾರಿಯಿಲ್ಲ. 'ಕಿವುಡ-ಮೂಗ' ಮಾತ್ರ ಖಂಡಿತ ಬೇಡ. ಅವರಿಗೆ ಗಂಟಲೂ ಇದೆ, ಭಾಷೆಯೂ ಇದೆ.

ಇಂಟರ್‌ಪ್ರಿಟರ್ ಆಗಬಹುದೇ? ಆಗಬಹುದು, ಆದರೆ ಈಗಲೇ ಅಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಎರಡು ವರ್ಷದ ಡಿಪ್ಲೊಮಾ ಇದೆ. ದೆಹಲಿಯ ಕೇಂದ್ರದಲ್ಲೂ ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲೂ ನಡೆಯುತ್ತದೆ, ಪಿಯುಸಿ ಆದವರು ಸೇರಬಹುದು. ಸನ್ನೆ ಭಾಷೆ ಕಲಿಸುವ ಡಿಪ್ಲೊಮಾ ಬೇರೆಯೇ ಇದೆ, ಅದು ಕಿವುಡರಿಗೆ ಮೀಸಲು, ಹಾಗೇ ಇರಬೇಕು. ಬಿ.ಎಡ್. ಮಾಡುತ್ತಿರುವ ನಿಮಗೆ ಇನ್ನೊಂದು ಮಾಹಿತಿ: ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ 2021ರಲ್ಲಿ ಪ್ರೌಢಶಾಲಾ ಹಂತಕ್ಕೆ ಸನ್ನೆ ಭಾಷೆಯನ್ನು ಒಂದು ಭಾಷಾ ವಿಷಯವಾಗಿ ತಂದಿದೆ. ಸನ್ನೆ ಬಲ್ಲ ಶಿಕ್ಷಕರು ಬೇಕೇ ಬೇಕು.

ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆನ್‌ಲೈನ್ ವಿಚಾರಣೆಯಲ್ಲಿ, ಮುಂದಿನ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಮೂಲಕ ಹಾಜರಾದದ್ದನ್ನು ನೀವು ಓದಿರಬಹುದು. ವಾದ ಅವರದು, ದನಿ ಮಾತ್ರ ಇಂಟರ್‌ಪ್ರಿಟರದು. ಈ ಗೆರೆ ದಾಟದಿರುವುದೇ ಈ ಕೆಲಸದ ಕಷ್ಟ. ನಾನು ದಾಟಿದ್ದೇನೆ. ವರ್ಷಗಳ ಹಿಂದೆ ಒಬ್ಬ ಗರ್ಭಿಣಿಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ವೈದ್ಯರು ಅವರ ಕಡೆ ನೋಡದೆ ನನ್ನನ್ನೇ ಕೇಳಿದರು, 'ಇವರಿಗೆ ಇದು ಎಷ್ಟನೇದು?' ನನಗೆ ಗೊತ್ತಿತ್ತು, 'ಎರಡನೇದು' ಎಂದುಬಿಟ್ಟೆ. ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡರು. ನನ್ನ ಬಾಯಿ ಆಡಿದ್ದನ್ನು ಕಂಡಿದ್ದರು, ಕೈ ಆಡಿರಲಿಲ್ಲ. 'ಏನು ಹೇಳಿದೆ?' ಹೇಳಿದೆ. ಅದು ಮೂರನೆಯದಾಗಿತ್ತು. ನಡುವೆ ಒಂದು ಹೋಗಿದ್ದು ನನಗೆ ಗೊತ್ತಿರಲಿಲ್ಲ, ನನಗೆ ಹೇಳಬೇಕೆಂದೂ ಇರಲಿಲ್ಲ. ಅವತ್ತಿನಿಂದ ಇಂದಿನವರೆಗೆ ಕೋಣೆಯಲ್ಲಿ ನನ್ನ ಬಾಯಿಂದ ಬಂದ ಪ್ರತಿ ಮಾತೂ ನನ್ನ ಕೈಯಿಂದಲೂ ಬಂದಿದೆ.

ಇನ್ನು ಆ ಮಗು. ನೀವು ಇದನ್ನು ಕೊನೆಗೆ ಕೇಳಿದ್ದೀರಿ, ನನಗೆ ಇದೇ ಮೊದಲಿನದು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎನ್ನುವುದು ನಿಜವಲ್ಲ. ಕಿವುಡ ತಂದೆತಾಯಿಗಳ ಮನೆಯಲ್ಲಿ ಹುಟ್ಟಿ, ಮೊದಲ ದಿನದಿಂದ ಸನ್ನೆ ಕಂಡು, ಬಳಿಕ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಶ್ರವಣ ಸಾಧನ) ಹಾಕಿಸಿಕೊಂಡ ಮಕ್ಕಳು ಮಾತಿನಲ್ಲೂ ಹಿಂದೆ ಬೀಳಲಿಲ್ಲ ಎಂದು ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಸನ್ನೆ ಕಾಣುತ್ತ ಬೆಳೆಯುವ ಕೂಸು, ಬೇರೆ ಕೂಸುಗಳು 'ಬಬಬ' ಎನ್ನುವ ವಯಸ್ಸಿನಲ್ಲಿ ಬೆರಳುಗಳಲ್ಲೇ ತೊದಲುತ್ತದೆ ಎಂದು 1991ರಲ್ಲೇ ದಾಖಲಾಗಿದೆ. ನಿಜವಾದ ಅಪಾಯ ಬೇರೆ: ಮಾತು ಬರಲೆಂದು ಕಾಯುತ್ತ ಕಾಯುತ್ತ ಯಾವ ಭಾಷೆಯೂ ಇಲ್ಲದೆ ಮೊದಲ ನಾಲ್ಕೈದು ವರ್ಷ ಕಳೆದುಹೋಗುವುದು. ಆಮೇಲೆ ಅದನ್ನು ತುಂಬಿಕೊಡುವುದು ಬಹಳ ಕಷ್ಟ. ಮಗುವನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತೋರಿಸಿರದಿದ್ದರೆ ಈ ತಿಂಗಳೇ ಕರೆದುಕೊಂಡು ಬರಲಿ. ಕಿವಿಯ ಯಂತ್ರವೋ ಇಂಪ್ಲಾಂಟೋ ಏನು ಬೇಕೋ ಅದು ಆಗಲಿ. ಅದರ ಜೊತೆಗೇ ಸನ್ನೆಯೂ ಶುರುವಾಗಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿಲ್ಲ.

ನೀವು ಊರಿಗೆ ಹೋದಾಗ ಆ ತಾಯಿಯ ಜೊತೆ ಅರ್ಧ ಗಂಟೆ ಕೂತುಕೊಳ್ಳಿ, ಸಾಧ್ಯವಾದರೆ ಮೇಷ್ಟ್ರನ್ನೂ ಕರೆದುಕೊಂಡು ಹೋಗಿ. ಅಂಥ ಮನೆಗಳಲ್ಲಿ ನಾನು ಕಂಡದ್ದು 'ಬಾ', 'ತಿನ್ನು', 'ಬೇಡ', 'ಮಲಗು', ಬರೀ ಅಪ್ಪಣೆಗಳು. ಹರಟೆ ಇರುವುದಿಲ್ಲ. ಆ ತಾಯಿಗೆ ಕಾಗೆ, ನಾಯಿ, ಮಳೆ, ಅಜ್ಜಿ, ನಿನ್ನೆ, ಮತ್ತೆ ಇವುಗಳ ಸನ್ನೆ ಕಲಿಸಿ. ಕೈಗಿಂತ ಮೊದಲು ಕಣ್ಣಿನ ಲೆಕ್ಕ ಹೇಳಿಕೊಡಿ. ಕೇಳುವ ಮಗು ಕಾಗೆಯನ್ನು ನೋಡುತ್ತಲೇ 'ಕಾಗೆ ಬಂತು' ಎಂಬುದನ್ನು ಕೇಳಿಸಿಕೊಳ್ಳುತ್ತದೆ. ಈ ಮಗುವಿಗೆ ಎರಡಕ್ಕೂ ಇರುವುದು ಕಣ್ಣೊಂದೇ. ಕಾಗೆ ನೋಡುತ್ತಿದ್ದರೆ ಅಮ್ಮನ ಕೈ ಕಾಣದು. ಗಲ್ಲ ಹಿಡಿದು ಈ ಕಡೆ ತಿರುಗಿಸಬಾರದು. ಕಿವುಡ ತಾಯಂದಿರು ಹಾಗೆ ಮಾಡುವುದಿಲ್ಲ, ಕಾಯುತ್ತಾರೆ. ಇಲ್ಲವೇ ಮಗುವಿನ ಹಿಂದೆ ಕೂತು, ತೋಳು ಮುಂದೆ ಚಾಚಿ, ಮಗು ನೋಡುತ್ತಿರುವ ಕಡೆಯೇ ಕೈ ಇಟ್ಟು ಸನ್ನೆ ಮಾಡುತ್ತಾರೆ. ಮಗು ಗೋಡೆಯ ಮೇಲಿನ ಕಾಗೆಯನ್ನು ಕಣ್ತುಂಬ ನೋಡಲಿ. ನೋಡಿ ಮುಗಿದ ಮೇಲೆ ಅದೇ ತಿರುಗಿ ಅಮ್ಮನ ಮುಖ ಹುಡುಕುತ್ತದೆ. ಆಗ ಅಮ್ಮ ಹುಬ್ಬೇರಿಸಿ ಕೇಳಲಿ, 'ನಿನ್ನೆ ಬಂದಿದ್ದ ಕಾಗೆಯೇನಾ?'